ಭೂಕಂಪ ಪ್ರದೇಶದಲ್ಲಿ ಅಣುಸ್ಥಾವರ: ಎಷ್ಟು ಅಪಾಯ ಸರಿ ಎಂದು ನಿರ್ಧರಿಸುವವರು ಯಾರು?

ಪ್ರಶ್ನೆ:
ಇಂಗಾಲ ಉಗುಳದ ವಿದ್ಯುತ್ ಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಪದೇ ಪದೇ ನೆಲ ನಡುಗುವ ಕಡೆ ಅಣುಸ್ಥಾವರ ಕಟ್ಟುವುದು ನೈತಿಕವಾಗಿ ಒಪ್ಪತಕ್ಕದ್ದೇ? 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ದೈಚಿಯಲ್ಲಿ ಆದದ್ದು ತಡೆಯಲಾಗದ ಪ್ರಕೃತಿ ವಿಕೋಪವಾಗಿದ್ದರೆ ಇಂಥ ಕಡೆ ಸ್ಥಾವರವೇ ಕೂಡದು. ಮನುಷ್ಯರ ತಪ್ಪಾಗಿದ್ದರೆ ತಿದ್ದಿಕೊಂಡು ಮುಂದುವರಿಯಬಹುದು. ಹೀಗೆಂಬುದು ನನ್ನ ತರ್ಕ. ತಿಳಿದವರು ಪರಿಶೀಲಿಸಬೇಕೆಂದು ಕೋರುತ್ತೇನೆ.

ಉತ್ತರ 1:
ನೆಲ ನಡುಗಿದ್ದನ್ನೂ ಅಲೆ ಬಂದದ್ದನ್ನೂ ಬೇರೆ ಬೇರೆಯಾಗಿ ನೋಡಬೇಕು. 9ರ ಪರಿಮಾಣದ ಕಂಪನವಾದೊಡನೆ ಆಗ ನಡೆಯುತ್ತಿದ್ದ ಮೂರು ರಿಯಾಕ್ಟರ್‌ಗಳೂ ತಾವಾಗಿಯೇ ನಿಂತವು. ಆದರೆ ಒಲೆಯ ಬೆಂಕಿ ಆರಿಸಿದಂತೆ ಇದನ್ನು ಆರಿಸಲಾಗದು. ವಿದಳನ (ಪರಮಾಣುಗಳು ಸೀಳುವ ಕ್ರಿಯೆ) ನಿಂತ ಮೇಲೂ ಇಂಧನದೊಳಗಿನ ವಿಕಿರಣಶೀಲ ವಸ್ತುಗಳು ಕ್ಷಯಿಸುತ್ತ, ಆರಂಭದಲ್ಲಿ ಪೂರ್ಣ ಶಾಖದ ಶೇ. 6ರಿಂದ 7ರಷ್ಟನ್ನು ಹೊಮ್ಮಿಸುತ್ತಲೇ ಇರುವುದರಿಂದ ದಿನಗಟ್ಟಲೆ ನೀರು ಹರಿಸಿ ತಣಿಸಬೇಕಾಗುತ್ತದೆ. ಹೊರಗಿನ ವಿದ್ಯುತ್ ಕಡಿದುಹೋದಾಗ ಡೀಸೆಲ್ ಜನರೇಟರ್‌ಗಳು ಪಂಪುಗಳನ್ನು ನಡೆಸಿದವು. ಸುಮಾರು 50 ನಿಮಿಷಗಳ ನಂತರ ಬಂದ ಸುನಾಮಿ, ತಗ್ಗಿನಲ್ಲಿದ್ದ ಆ ಜನರೇಟರ್‌ಗಳನ್ನೂ ಸ್ವಿಚ್‌ಬೋರ್ಡ್‌ಗಳನ್ನೂ ಮುಳುಗಿಸಿತು. ಮೂರೂ ರಿಯಾಕ್ಟರ್‌ಗಳ ಇಂಧನ ಕರಗಿತು.

ಕಂಪನದ ಕೇಂದ್ರಕ್ಕೆ ಇನ್ನೂ ಹತ್ತಿರವಿದ್ದ ಒನಗಾವಾ ಸ್ಥಾವರಕ್ಕೂ ಸುಮಾರು 13 ಮೀಟರಿನ ಅಲೆ ಬಂದಿತ್ತು. ಅದನ್ನು ಕಟ್ಟಿದ್ದು 14.8 ಮೀಟರ್ ಎತ್ತರದಲ್ಲಿ. ಅದು ಸುರಕ್ಷಿತವಾಗಿ ನಿಂತದ್ದಷ್ಟೇ ಅಲ್ಲ, ಮನೆ ಕಳೆದುಕೊಂಡ ಸುತ್ತಲಿನ ಜನರು ಅದರ ಆವರಣದಲ್ಲಿಯೇ ಆಶ್ರಯ ಪಡೆದರು. ಫುಕುಶಿಮಾದಲ್ಲಿ 15.7 ಮೀಟರಿನ ಅಲೆ ಸಾಧ್ಯವೆಂಬ ಲೆಕ್ಕ 2008ರಲ್ಲಿಯೇ ಸ್ಥಾವರ ನಡೆಸುತ್ತಿದ್ದ ಕಂಪನಿಯೊಳಗೆ ಸಿದ್ಧವಾಗಿತ್ತು, ತಡೆಗೋಡೆ ಮಾತ್ರ ಏಳಲಿಲ್ಲ. ಸಂಸತ್ತು ನೇಮಿಸಿದ್ದ ತನಿಖಾ ಆಯೋಗ 2012ರಲ್ಲಿ ಇದನ್ನು ಮಾನವನಿರ್ಮಿತ ದುರಂತವೆಂದೇ ಕರೆಯಿತು.

ಉತ್ತರ 2:
ಮೇಲಿನ ವಿವರಗಳನ್ನು ಒಪ್ಪುತ್ತೇನೆ, ಆದರೆ "ಮನುಷ್ಯರ ತಪ್ಪಾದರೆ ತಿದ್ದಿಕೊಳ್ಳಬಹುದು" ಎಂಬ ತರ್ಕವನ್ನು ಒಪ್ಪಲಾರೆ. 2007ರಲ್ಲಿ ಜಪಾನಿನದೇ ಕಾಶಿವಾಝಾಕಿ-ಕರಿವಾ ಸ್ಥಾವರದಲ್ಲಿ ನೆಲ ಅಲುಗಿದ್ದು ವಿನ್ಯಾಸಕಾರರು ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು. ಸಾವಿರ ವರ್ಷಕ್ಕೊಮ್ಮೆ ಬರುವ ಕಂಪನವನ್ನು ಕೆಲವು ದಶಕಗಳ ಉಪಕರಣ ದಾಖಲೆಯಿಂದ ಅಂದಾಜಿಸುವಾಗ ಇದು ಆಶ್ಚರ್ಯವಲ್ಲ.

ಇನ್ನು ನೈತಿಕತೆ. ಫುಕುಶಿಮಾ ದೈಚಿಯ ವಿದ್ಯುತ್ ಹರಿಯುತ್ತಿದ್ದುದು ಟೋಕಿಯೋ ಸುತ್ತಿನ ಪ್ರದೇಶಕ್ಕೆ. ಊರು ಬಿಟ್ಟವರು ಸ್ಥಾವರದ ಸುತ್ತಲಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ. ವಿಕಿರಣಕ್ಕಿಂತ ಸ್ಥಳಾಂತರವೇ ಹೆಚ್ಚು ಜೀವ ತೆಗೆಯಿತು: ಆಸ್ಪತ್ರೆಯ ಹಾಸಿಗೆಯಿಂದೆಬ್ಬಿಸಿ ಬಸ್ಸಿನಲ್ಲಿ ಸಾಗಿಸಿದ ವೃದ್ಧ ರೋಗಿಗಳು ದಾರಿಯಲ್ಲಿಯೇ ಕಣ್ಣುಮುಚ್ಚಿದರು. 2024ರ ಜನವರಿ 1ರಂದು ಜಪಾನಿನ ನೋಟೋದಲ್ಲಾದ ಭೂಕಂಪದಲ್ಲಿ ರಸ್ತೆಗಳು ಕುಸಿದವು, ಮನೆಗಳೂ ಬಿದ್ದವು. ಅಂಥ ದಿನ ಸ್ಥಾವರದಲ್ಲಿ ಸೋರಿಕೆಯಾದರೆ "ಮನೆಯೊಳಗಿರಿ" ಎನ್ನಲೂ ಮನೆಯಿಲ್ಲ, "ಹೊರಡಿ" ಎನ್ನಲೂ ದಾರಿಯಿಲ್ಲ. ಆ ಕಂಪನದ ಕೇಂದ್ರಕ್ಕೆ ಸಮೀಪದ ಸುಝುವಿನಲ್ಲಿ ಹಿಂದೊಮ್ಮೆ ಸ್ಥಾವರದ ಯೋಜನೆಯಿತ್ತು. ಸ್ಥಳೀಯರು ವರ್ಷಗಟ್ಟಲೆ ವಿರೋಧಿಸಿದ ಮೇಲೆ 2003ರಲ್ಲಿ ಅದನ್ನು ಕೈಬಿಡಲಾಯಿತು.

ಉತ್ತರ 3:
ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡೋಣ. 1988ರ ಡಿಸೆಂಬರಿನ ಭೂಕಂಪದ ತರುವಾಯ ಆರ್ಮೇನಿಯಾ ತನ್ನ ಮೆಟ್ಸಮೋರ್ ಸ್ಥಾವರವನ್ನು ಮುಚ್ಚಿತು. ಅದಾದ ಮೇಲೆ ನೆರೆ ದೇಶಗಳ ದಿಗ್ಬಂಧನವೂ ಸೇರಿಕೊಂಡು, ದಿನಕ್ಕೆ ಕೆಲವೇ ಗಂಟೆ ವಿದ್ಯುತ್ ಸಿಗುವ ಕೊರೆಯುವ ಚಳಿಗಾಲಗಳಲ್ಲಿ ಜನರು ಸೌದೆಗಾಗಿ ಮರಗಳನ್ನು ಕಡಿದರು. 1995ರಲ್ಲಿ ಒಂದು ಘಟಕವನ್ನು ಮತ್ತೆ ಆರಂಭಿಸಲಾಯಿತು. ಕತ್ತಲೆಯಲ್ಲಿ ನಡುಗುತ್ತಿದ್ದ ಆ ಜನರಿಗೆ, ಸ್ಥಾವರ ತೆರೆಯುವುದು ಅನೈತಿಕವೆಂದು ದೂರದಲ್ಲಿ ಬೆಚ್ಚಗೆ ಕುಳಿತು ಹೇಳುವ ಧೈರ್ಯ ನನಗಂತೂ ಇಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಪ್ರಕೃತಿಯೋ ಮನುಷ್ಯನೋ ಎಂದು ನಾನು ಮಾಡಿದ ವಿಭಜನೆಯೇ ದುರ್ಬಲವಾಗಿತ್ತು. 2024ರಲ್ಲಿ ಜಪಾನಿನ ಅಣು ನಿಯಂತ್ರಣ ಪ್ರಾಧಿಕಾರವು ತ್ಸುರುಗಾ ಸ್ಥಾವರದ 2ನೇ ಘಟಕವನ್ನು ಮತ್ತೆ ನಡೆಸಲು ಅನುಮತಿ ನಿರಾಕರಿಸಿದ್ದು, ಅದರ ಕೆಳಗೆ ಸಕ್ರಿಯ ಸ್ತರಭಂಗ (ಮತ್ತೆ ಜಾರಬಹುದಾದ ನೆಲದಾಳದ ಬಿರುಕು) ಇದೆಯೆಂದು ಸಾಬೀತಾಗಿ ಅಲ್ಲ, ಇರುವ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂಬ ಕಾರಣಕ್ಕೆ. ಹೊಸದಾಗಿ ಕಟ್ಟುವ ಕಡೆ, ರುಜುವಾತಿನ ಹೊರೆಯನ್ನು ಕಂಪನಿಯ ಮೇಲೆ ಹೊರಿಸುವ ಈ ಕ್ರಮ ನನಗೆ ಸರಿಯೆನಿಸುತ್ತದೆ. ಮೆಟ್ಸಮೋರ್‌ಗೆ ಇದನ್ನೇ ಅನ್ವಯಿಸಬೇಕೆಂದರೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.