ಕೆನಡಾಕ್ಕೆ ಹೊಸ ರಾಸಾಯನಿಕ: 60 ದಿನದ ಲೆಕ್ಕ ಯಾವತ್ತಿನಿಂದ ಶುರು?

ಪ್ರಶ್ನೆ (ಪೀಣ್ಯದಿಂದ):
ಮೇಡಂ, ನಮಸ್ಕಾರ. ಕೆನಡಾದಲ್ಲಿ ನೀವು ಇದೇ ಕೆಲಸ ಮಾಡುತ್ತೀರಿ ಎಂದು ಗ್ರೂಪಿನವರು ಹೇಳಿದರು. ನಮ್ಮದು ಬಟ್ಟೆ ಮಿಲ್ಲುಗಳಿಗೆ ಕೆಮಿಕಲ್ ಮಾಡಿಕೊಡುವ ಸಣ್ಣ ಕಾರ್ಖಾನೆ. ಒಂದು ಹೊಸ ಸಾಫ್ಟ್‌ನರ್ ಮಾಡಿದ್ದೇವೆ. ಪಾಲಿಮರ್ ಅಲ್ಲ, ಅಣು ನಮ್ಮದೇ. ಒಂಟಾರಿಯೋದ ಗಿರಾಕಿ ವರ್ಷಕ್ಕೆ 8 ಟನ್ ಬೇಕು ಅಂತಾರೆ, 20% ದ್ರಾವಣದ ರೂಪದಲ್ಲಿ. ಸರ್ಕಾರ 60 ದಿನದೊಳಗೆ ಪರಿಶೀಲನೆ ಮುಗಿಸಲೇಬೇಕಂತೆ. ಜನವರಿಯಲ್ಲಿ ಕಾಗದ ಕೊಟ್ಟರೆ ಮಾರ್ಚ್ ಕೊನೆಗೆ ಮಾಲು ಕಳಿಸಬಹುದಾ? ಇನ್ನೊಂದು, ಅಣುವಿನ ರಚನೆಯನ್ನು ಗಿರಾಕಿಗೆ ಬಿಟ್ಟುಕೊಡಲು ಮನಸ್ಸಿಲ್ಲ.

ಉತ್ತರ:
ನಮಸ್ಕಾರ ಸರ್. 60 ದಿನ ಅನ್ನುವುದು ನಿಜ. ಆದರೆ ಅದು ನೀವು ಕಾಗದ ಕೊಟ್ಟ ದಿನದಿಂದ ಅಲ್ಲ, ಪೂರ್ತಿ ಕಾಗದ ಅವರ ಕೈ ಸೇರಿದ ದಿನದಿಂದ. ಈ ಕೆಲಸಕ್ಕೆ ಕೈ ಹಾಕಿದವರು ಎಡವುವುದೆಲ್ಲ ಇಲ್ಲೇ.

ಮೊದಲು ನಿಮ್ಮ ಅಣು ಅಲ್ಲಿಗೆ ಹೊಸದೋ ಅಲ್ಲವೋ ನೋಡಿಕೊಳ್ಳಿ. ಕೆನಡಾದ ಪರಿಸರ ಸಂರಕ್ಷಣಾ ಕಾಯ್ದೆ, 1999ರ ಅಡಿ ಡೊಮೆಸ್ಟಿಕ್ ಸಬ್‌ಸ್ಟನ್ಸಸ್ ಲಿಸ್ಟ್ ಅಂತ ಒಂದು ಪಟ್ಟಿ ಇದೆ, ನಾವು ಡಿಎಸ್ಎಲ್ ಅನ್ನುತ್ತೇವೆ. 1984ರ ಜನವರಿ 1ರಿಂದ 1986ರ ಡಿಸೆಂಬರ್ 31ರವರೆಗೆ ಆ ದೇಶದಲ್ಲಿ ಬಳಕೆಯಲ್ಲಿದ್ದವುಗಳಿಂದ ಅದು ಶುರುವಾಯಿತು. ಆಮೇಲೆ ಪರಿಶೀಲನೆ ಮುಗಿದವು ಒಂದೊಂದಾಗಿ ಸೇರುತ್ತಾ ಬಂದಿವೆ. ಪಟ್ಟಿಯಲ್ಲಿ ಇಲ್ಲದ್ದು ಹೊಸದು. ಕ್ಯಾಸ್ ನಂಬರ್, ಅಂದರೆ ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ, ಹಾಕಿ ಹುಡುಕಿ. ಪಟ್ಟಿಗೆ ಒಂದು ಗೋಪ್ಯ ಭಾಗವೂ ಇದೆ. ನಿಜಕ್ಕೂ ಆಮದು ಮಾಡುವ ಉದ್ದೇಶ ಇದೆ ಎಂದು ತೋರಿಸಿದರೆ ಅದರಲ್ಲೂ ಹುಡುಕಿ ಹೇಳುತ್ತಾರೆ.

ಇನ್ನು ತೂಕ. ಲೆಕ್ಕಕ್ಕೆ ಬರುವುದು ಡ್ರಮ್ಮಿನ ತೂಕ ಅಲ್ಲ, ಅದರೊಳಗಿನ ಹೊಸ ವಸ್ತುವಿನ ತೂಕ. 8 ಟನ್ನಿನಲ್ಲಿ 20% ಅಂದರೆ 1,600 ಕಿಲೋ. ಆಮದು ಮಾಡುವವರು ಒಂದು ಕ್ಯಾಲೆಂಡರ್ ವರ್ಷದಲ್ಲಿ 100 ಕಿಲೋ ದಾಟುವ ಮೊದಲು ನಿಯಮಾವಳಿಯ ಷೆಡ್ಯೂಲ್ 4ರಲ್ಲಿ (ಅನುಬಂಧ 4) ಕೇಳಿದ ಮಾಹಿತಿಯ ಫೈಲ್ ಕೊಡಬೇಕು, ಅದರ ಪರಿಶೀಲನೆಯ ಅವಧಿ 5 ದಿನ. 1,000 ಕಿಲೋ ದಾಟುವ ಮೊದಲು ಷೆಡ್ಯೂಲ್ 5, ಅದು 60 ದಿನ. 10,000 ದಾಟುವುದಾದರೆ ಷೆಡ್ಯೂಲ್ 6, 75 ದಿನ. ನಿಮ್ಮದು ಷೆಡ್ಯೂಲ್ 5ಕ್ಕೆ ಬೀಳುತ್ತದೆ. ನನ್ನ ಸಲಹೆ ಕೇಳಿದರೆ ಷೆಡ್ಯೂಲ್ 4 ಮೊದಲೇ ಕೊಟ್ಟುಬಿಡಿ. 1,000 ಕಿಲೋವರೆಗೆ, ಅಂದರೆ 5 ಟನ್ ದ್ರಾವಣ, ಕಳಿಸುತ್ತಲೇ ಷೆಡ್ಯೂಲ್ 5ರ ಪರೀಕ್ಷೆಗಳನ್ನು ನಿಧಾನವಾಗಿ, ಸರಿಯಾಗಿ ಮಾಡಿಸಬಹುದು.

ಆ ಪರೀಕ್ಷೆಗಳೇ ದೊಡ್ಡ ಕೆಲಸ. ನೀರಿನಲ್ಲಿ ಎಷ್ಟು ಕರಗುತ್ತದೆ, ಕೊಬ್ಬಿಗೆ ಎಷ್ಟು ಅಂಟುತ್ತದೆ, ಎಷ್ಟು ಬೇಗ ಕೊಳೆಯುತ್ತದೆ, ನೀರಿನ ಜೀವಿಗಳಿಗೆ ಏನಾಗುತ್ತದೆ, ವಂಶವಾಹಿಗೆ ಧಕ್ಕೆ ಮಾಡುತ್ತದೆಯೇ, ಹೀಗೆ. ಇವುಗಳನ್ನು ನಮ್ಮಲ್ಲೇ ಮಾಡಿಸಬಹುದು. ಒಇಸಿಡಿ ಎಂಬ ಆರ್ಥಿಕ ಸಹಕಾರ ಸಂಘಟನೆಯ ದೇಶಗಳು ಒಬ್ಬರ ಪರೀಕ್ಷೆಯನ್ನು ಇನ್ನೊಬ್ಬರು ಒಪ್ಪುವ ವ್ಯವಸ್ಥೆಗೆ ಭಾರತ 2011ರಲ್ಲಿ ಪೂರ್ತಿಯಾಗಿ ಸೇರಿದೆ. ಲ್ಯಾಬಿಗೆ ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಪ್ರಮಾಣಪತ್ರ ಇದೆ ಅಂದರೆ ಸಾಲದು, ನೀವು ಮಾಡಿಸುವ ಆ ಪರೀಕ್ಷೆಗೇ ಅದು ಅನ್ವಯಿಸುತ್ತದೆಯೇ ಎಂದು ಕಣ್ಣಾರೆ ನೋಡಿ.

ರಚನೆಯ ಗುಟ್ಟಿಗೆ ದಾರಿ ಇದೆ. ಫೈಲ್ ಗಿರಾಕಿಯ ಹೆಸರಲ್ಲಿ ಹೋದರೂ ಗೋಪ್ಯ ಭಾಗವನ್ನು ನೀವು ನೇರವಾಗಿ ಕೆನಡಾದ ಪರಿಸರ ಇಲಾಖೆಗೆ ಕಳಿಸಬಹುದು.

ಕಳೆದ ವರ್ಷ ನನ್ನ ಕೈಯಲ್ಲಿದ್ದ ಒಂದು ಫೈಲಿನ ಕಥೆ ಹೇಳುತ್ತೇನೆ. ಪರೀಕ್ಷೆ ಎಲ್ಲ ಚೆನ್ನಾಗಿತ್ತು. ಆದರೆ ವಸ್ತುವಿನ ಗುರುತಿಗೆ ಕೊಟ್ಟ ಐಆರ್ (ಅವಕೆಂಪು ಕಿರಣದ ಪರೀಕ್ಷೆಯ) ಗ್ರಾಫಿನ ಮೂಲೆಯಲ್ಲಿದ್ದ ಬ್ಯಾಚ್ ನಂಬರ್ ಒಂದು, ಮೀನಿನ ಪರೀಕ್ಷೆಗೆ ಬಳಸಿದ ಬ್ಯಾಚ್ ಇನ್ನೊಂದು. ಎರಡೂ ಒಂದೇ ವಸ್ತು ಎನ್ನುವುದಕ್ಕೆ ಒಂದು ಸಾಲಿನ ಆಧಾರವೂ ಫೈಲಿನಲ್ಲಿ ಇರಲಿಲ್ಲ. ಅಪೂರ್ಣ ಎಂದು ಪತ್ರ ಬಂತು. ಎರಡು ತಿಂಗಳು ಹೋಯಿತು. ಅದನ್ನು ನಾನು ಮೊದಲೇ ಗಮನಿಸಬೇಕಿತ್ತು, ಆ ಬೇಸರ ಇನ್ನೂ ಇದೆ. ಈಗ ಯಾವ ಫೈಲ್ ಬಂದರೂ ಮೊದಲು ಬ್ಯಾಚ್ ನಂಬರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೇ ಮುಂದಿನ ಮಾತು.

ಪ್ರಶ್ನೆ (ಧಾರವಾಡದಿಂದ, ನಿವೃತ್ತ ಅಧಿಕಾರಿ):
ತಂಗಿ, ಇದು ನಮ್ಮ ಸಕಾಲದ ಹಾಗೇ ಏನು? ಅವಧಿ ಮೀರಿದರೆ ಅಧಿಕಾರಿಗೆ ದಂಡ ಬೀಳುತ್ತದೆಯೇ?

ಉತ್ತರ:
ಸರ್, ಒಳ್ಳೆಯ ಹೋಲಿಕೆ. ಸಕಾಲದಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಅರ್ಜಿದಾರರಿಗೆ ಸಿಗುತ್ತದೆ. ಕೆನಡಾದಲ್ಲಿ ಅದಕ್ಕೆ ಹತ್ತಿರವಾದದ್ದು 2017ರ ಸೇವಾ ಶುಲ್ಕ ಕಾಯ್ದೆ. ಶುಲ್ಕ ತೆಗೆದುಕೊಳ್ಳುವ ಇಲಾಖೆ ಇಷ್ಟು ದಿನದಲ್ಲಿ ಮಾಡುತ್ತೇವೆ ಎಂಬ ಸೇವಾ ಮಾನದಂಡ ಇಟ್ಟುಕೊಳ್ಳಬೇಕು, ವರ್ಷ ವರ್ಷ ವರದಿ ಕೊಡಬೇಕು, ತಪ್ಪಿದರೆ ಸಾಮಾನ್ಯವಾಗಿ ಶುಲ್ಕದ ಒಂದು ಪಾಲು ಹಿಂತಿರುಗಿಸಬೇಕು.

ಆದರೆ ಮೇಲೆ ಹೇಳಿದ 5, 60, 75 ದಿನಗಳು ಬರೀ ಸೇವಾ ಮಾನದಂಡ ಅಲ್ಲ. ಅವು ನಿಯಮಾವಳಿಯಲ್ಲೇ ಬರೆದಿರುವ ಪರಿಶೀಲನಾ ಅವಧಿ. ಅವಧಿ ಮುಗಿಯುವುದರೊಳಗೆ ಸರ್ಕಾರ ತಡೆಯದಿದ್ದರೆ ಕಂಪನಿ ಆಮದು ಶುರು ಮಾಡಬಹುದು. ಇಲಾಖೆ ಸುಮ್ಮನಿದ್ದರೆ ದಾರಿ ತೆರೆದ ಹಾಗೆ! ಆದ್ದರಿಂದಲೇ ಅಲ್ಲಿ ಯಾರೂ ಫೈಲ್ ಮೇಲೆ ಕೂರುವ ಹಾಗಿಲ್ಲ. ಹೆಚ್ಚು ಸಮಯ ಬೇಕೆನಿಸಿದರೆ ಅವಧಿ ಮುಗಿಯುವ ಮೊದಲೇ ತಿಳಿಸಿ ವಿಸ್ತರಿಸಬಹುದು, ಅದೂ ಮೂಲ ಅವಧಿಯಷ್ಟು ಮಾತ್ರ. 60ಕ್ಕೆ ಇನ್ನೊಂದು 60.

ಅಮೆರಿಕದಲ್ಲೂ ಮೊದಲು ಹೀಗೇ ಇತ್ತು, 90 ದಿನ ಕಳೆದರೆ ತಯಾರಿಕೆ ಶುರು ಮಾಡಬಹುದಿತ್ತು. 2016ರ ಜೂನ್‌ನಲ್ಲಿ ಕಾನೂನು ಬದಲಾಯಿತು. ಈಗ ಅಲ್ಲಿನ ಪರಿಸರ ಸಂಸ್ಥೆ ಇಪಿಎ ಪ್ರತಿ ಹೊಸ ರಾಸಾಯನಿಕದ ಬಗ್ಗೆ ತನ್ನ ನಿರ್ಣಯ ಹೇಳಿದ ಮೇಲೆಯೇ ಮುಂದಿನ ಹೆಜ್ಜೆ. ಕಾಗದದ ಮೇಲೆ ಈಗಲೂ 90 ದಿನವೇ. ಹಾಗಾಗಿ ಎರಡು ದೇಶಗಳ ದಿನಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ದಿನ ಮುಗಿದಾಗ ಏನಾಗುತ್ತದೆ ಎಂಬುದನ್ನು ನೋಡಿ.

ಪ್ರಶ್ನೆ (ಮೈಸೂರಿನಿಂದ):
ಅಕ್ಕಾ, ನಮ್ಮದು ಸ್ಟಾರ್ಟಪ್. ಶೌಚಗುಂಡಿಯ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಪುಡಿ ಮಾಡಿದ್ದೇವೆ. ಬ್ಯಾಸಿಲಸ್ ಸಬ್ಟಿಲಿಸ್, ಎಲ್ಲ ಕಡೆ ಇರುವಂಥದ್ದೇ. ಅದಕ್ಕೂ ಇದೆಲ್ಲ ಬೇಕಾ?

ಉತ್ತರ:
ಬೇಕು. ಜೀವಿಗಳಿಗೆ ನಿಯಮಾವಳಿಯೇ ಬೇರೆ. ಎಲ್ಲೆಡೆ ಬಳಸಲು ತರುವ ಸೂಕ್ಷ್ಮಜೀವಿಗೆ 120 ದಿನ. ಜಾತಿ ಒಂದೇ ಅಂದರೆ ಸಾಲದು, ಡಿಎಸ್ಎಲ್‌ನಲ್ಲಿ ಸೂಕ್ಷ್ಮಜೀವಿಗಳನ್ನು ತಳಿಯ ಮಟ್ಟದಲ್ಲಿ ಪಟ್ಟಿ ಮಾಡುತ್ತಾರೆ. ನಿಮ್ಮ ತಳಿ ಅದರಲ್ಲಿ ಇಲ್ಲದಿದ್ದರೆ ಅದು ಹೊಸದೇ. ವಂಶವಾಹಿ ತಿದ್ದಿಲ್ಲ, ಮಣ್ಣಿನಿಂದ ತೆಗೆದದ್ದು ಅಂದರೂ ವಿನಾಯಿತಿ ಇಲ್ಲ.

ಬಳಕೆಯ ವಿಷಯವನ್ನು ಈಗಲೇ ಖಚಿತ ಮಾಡಿಕೊಳ್ಳಿ. ಅದೇ ಪುಡಿಯನ್ನು ಗೊಬ್ಬರ ಅಂತ ಮಾರಿದರೆ ಆಹಾರ ತಪಾಸಣಾ ಸಂಸ್ಥೆ ನೋಡುತ್ತದೆ, ಕೀಟನಾಶಕ ಅಂದರೆ ಅಲ್ಲಿನ ಆರೋಗ್ಯ ಇಲಾಖೆಯಾದ ಹೆಲ್ತ್ ಕೆನಡಾದ ಕೀಟನಾಶಕ ವಿಭಾಗ. ಲೇಬಲ್ ಮೇಲೆ ಗಿಡಕ್ಕೂ ಒಳ್ಳೆಯದು ಎಂದು ಉತ್ಸಾಹದಲ್ಲಿ ಒಂದು ಸಾಲು ಸೇರಿಸಬೇಡಿ, ಫೈಲಿನ ದಾರಿಯೇ ಬದಲಾದೀತು. ಮುಂದೆ ಬ್ಯಾಕ್ಟೀರಿಯಾ ಬಿಟ್ಟು ಬರೀ ಕಿಣ್ವ ಮಾರುವುದಾದರೆ ಅದು ರಾಸಾಯನಿಕಗಳ ನಿಯಮಾವಳಿಗೆ ಬರುತ್ತದೆ.

ಫೈಲ್ ಕೊಡುವ ಮೊದಲು ಅಧಿಕಾರಿಗಳೊಂದಿಗೆ ಸಮಾಲೋಚನೆ ಮಾಡಲು ಅವಕಾಶ ಇದೆ. ಕಡ್ಡಾಯ ಅಲ್ಲ. ಜೀವಿಗಳ ವಿಷಯದಲ್ಲಿ ಮಾತ್ರ ಅದನ್ನು ಬಿಡಲೇಬೇಡಿ. ಯಾವ ಪರೀಕ್ಷೆ ಬೇಕು, ಯಾವುದಕ್ಕೆ ವಿನಾಯಿತಿ ಕೇಳಬಹುದು ಎಂದು ಅಲ್ಲೇ ತಿಳಿಯುತ್ತದೆ.

ಪ್ರಶ್ನೆ (ಟೊರಾಂಟೋದಿಂದ):
ಇಲ್ಲಿ ಇಬ್ಬರು ಮಕ್ಕಳನ್ನು ಬೆಳೆಸುತ್ತಿರುವ ತಾಯಿಯಾಗಿ ಕೇಳುತ್ತೇನೆ. ದಿನ ಮುಗಿಯಿತು ಅಂತ ಒಂದು ರಾಸಾಯನಿಕ ನಮ್ಮ ಮನೆಯೊಳಗೆ ಬಂದುಬಿಡುವುದು ಸರಿಯೇ?

ಉತ್ತರ:
ಈ ಪ್ರಶ್ನೆ ಬಂದದ್ದು ಸಂತೋಷ. ನನಗೂ ಇದೇ ಮುಖ್ಯ. ಆ ದಿನಗಳಲ್ಲಿ ಪರಿಸರ ಇಲಾಖೆ ಮತ್ತು ಹೆಲ್ತ್ ಕೆನಡಾ ಇಬ್ಬರೂ ಒಟ್ಟಾಗಿ ಪರಿಶೀಲಿಸುತ್ತಾರೆ. ವಿಷಕಾರಿ ಇರಬಹುದು ಎಂಬ ಅನುಮಾನ ಬಂದರೆ ಷರತ್ತು ಹಾಕಬಹುದು, ನಿಷೇಧಿಸಬಹುದು, ಇನ್ನಷ್ಟು ಪರೀಕ್ಷೆ ಕೇಳಬಹುದು. ಹೇಳಿದ ಬಳಕೆಗೆ ತೊಂದರೆ ಇಲ್ಲ, ಆದರೆ ಬೇರೆ ಬಳಕೆಗೆ ಹೋದರೆ ಅಪಾಯ ಅನ್ನಿಸಿದರೆ ಅವಧಿ ಮುಗಿದು 90 ದಿನದೊಳಗೆ ಹೊಸ ಬಳಕೆಯ ನೋಟಿಸ್ ಹೊರಡಿಸಬಹುದು. ಆಗ ಆ ಬೇರೆ ಬಳಕೆಗೆ ಮತ್ತೆ ಫೈಲ್ ಕೊಡಬೇಕು.

ಬೇಗ ಬೆಳೆಯುವಂತೆ ವಂಶವಾಹಿ ಸೇರಿಸಿದ ಅಟ್ಲಾಂಟಿಕ್ ಸಾಲ್ಮನ್ ಮೀನಿನ ವಿಷಯ ನಿಮಗೆ ನೆನಪಿರಬಹುದು. ಪ್ರಿನ್ಸ್ ಎಡ್ವರ್ಡ್ ಐಲೆಂಡ್‌ನಲ್ಲಿ ಅದರ ಮೊಟ್ಟೆ ತಯಾರಿಕೆಗೆ 2013ರಲ್ಲಿ ದಾರಿಯಾಯಿತು, ಆದರೆ ಇಂಥದೇ ನೋಟಿಸ್ ಜೊತೆಗೆ. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು, ಗೆಲ್ಲಲಿಲ್ಲ. ಆದರೂ ಜನರನ್ನು ಕೇಳದೆ ಮುಚ್ಚಿದ ಬಾಗಿಲ ಹಿಂದೆ ನಿರ್ಧಾರವಾಯಿತು ಎಂಬ ಮಾತು ಉಳಿಯಿತು. ಆ ದೂರಿನಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ. 2023ರ ಜೂನ್ 13ರಂದು ಕಾಯ್ದೆಗೆ ಬಂದ ತಿದ್ದುಪಡಿಯಲ್ಲಿ ಬೆನ್ನೆಲುಬಿರುವ ಪ್ರಾಣಿಯ ಫೈಲ್ ಬಂದರೆ ಅವಧಿ ಮುಗಿಯುವ ಮೊದಲು ಆಸಕ್ತರ ಅಭಿಪ್ರಾಯ ಕೇಳಬೇಕು ಎಂದು ಸೇರಿತು. ಆರೋಗ್ಯಕರ ಪರಿಸರದ ಹಕ್ಕನ್ನು ಕಾಯ್ದೆ ಗುರುತಿಸಿದ್ದೂ ಆಗಲೇ. ಅಂಥ ಸಮಾಲೋಚನೆ ತೆರೆದಾಗ ಎರಡು ಸಾಲಾದರೂ ಬರೆಯಿರಿ ಮೇಡಂ. ದಿನಗಳು ಕಡಿಮೆ ಇರುವುದರಿಂದ ತಡವಾಗಿ ಬಂದ ಪತ್ರ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ (ಪೀಣ್ಯದಿಂದ, ಮತ್ತೆ):
ಮೇಡಂ, ನೀವು ಬರೆದದ್ದು ಓದಿ ನಮ್ಮ ಫೈಲ್ ತೆಗೆದು ನೋಡಿದೆ. ಐಆರ್ ಗ್ರಾಫ್ ಆರ್ ಅಂಡ್ ಡಿಯಲ್ಲಿ ಮಾಡಿದ ಮೊದಲ ಬ್ಯಾಚಿನದು. ಲ್ಯಾಬಿಗೆ ಕೊಡಬೇಕೆಂದು ಇಟ್ಟಿರುವುದು ದೊಡ್ಡ ರಿಯಾಕ್ಟರಿನ ಮೂರನೇ ಬ್ಯಾಚು. ಸ್ಯಾಂಪಲ್ ಇನ್ನೂ ಕಳಿಸಿಲ್ಲ.

ಉತ್ತರ:
ಕಳಿಸದೇ ಇದ್ದದ್ದು ಒಳ್ಳೆಯದಾಯಿತು. ಮೂರನೇ ಬ್ಯಾಚಿನಿಂದಲೇ ಐಆರ್, ಎನ್ಎಂಆರ್ (ಅಣುವಿನ ರಚನೆ ತೋರಿಸುವ ಇನ್ನೊಂದು ಪರೀಕ್ಷೆ), ಶುದ್ಧತೆ ಮೂರನ್ನೂ ಮತ್ತೆ ಮಾಡಿಸಿ, ಕಲ್ಮಶಗಳ ಶೇಕಡಾವಾರು ಪಟ್ಟಿ ಅದೇ ಬ್ಯಾಚ್ ನಂಬರಿನಲ್ಲಿ ಇರಲಿ. ಎಲ್ಲ ಪರೀಕ್ಷೆಗೂ ಸಾಲುವಷ್ಟು ಅದೇ ಬ್ಯಾಚಿನಿಂದ ಒಮ್ಮೆಗೇ ತೆಗೆದು ಸೀಲ್ ಮಾಡಿ, ಒಂದಷ್ಟು ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ. ಲ್ಯಾಬಿನವರಿಗೆ ಡ್ರಮ್ಮಿನ ಮೇಲಿನ ಲೇಬಲ್ ಫೋಟೋ ಕಳಿಸಿ, ವರದಿಯಲ್ಲಿ ಆ ನಂಬರನ್ನೇ ಬರೆಯಲು ಹೇಳಿ. ಷೆಡ್ಯೂಲ್ 4ರ ಕರಡು ಸಿದ್ಧವಾದರೆ ಗುಟ್ಟಿನ ಭಾಗ ತೆಗೆದು ಇಲ್ಲಿ ಹಾಕಿ, ಈ ಶನಿವಾರ ಕೂತು ನೋಡಿಕೊಡುತ್ತೇನೆ.