ದೊಡ್ಡಪ್ಪನ ಮಂಡಿ ಆಪರೇಷನ್, ರೂಮಿನ ವಿಷಯ

ಅತ್ತಿಗೆ, ನಿಮ್ಮ ಮೆಸೇಜ್ ನೋಡಿದೆ. ದೊಡ್ಡಪ್ಪನಿಗೆ ಮಂಡಿ ಬದಲಿಸುವ ಆಪರೇಷನ್, 3 ಲಕ್ಷದ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ ಇದೆ, ದಿನಕ್ಕೆ 6 ಸಾವಿರದ ಸಿಂಗಲ್ ರೂಮೇ ಇರಲಿ, ಕಡಿಮೆ ಬಿದ್ದರೆ ಬಳೆ ಅಡ ಇಡೋಣ ಅಂತ ಹಾಕಿದ್ದೀರಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ.

ಬಳೆ ಮಾತು ಆಮೇಲೆ. ಮೊದಲು ಪಾಲಿಸಿ ತೆಗೆದು ರೂಮ್ ರೆಂಟ್ ಮಿತಿ ಎಷ್ಟಿದೆ ನೋಡಿ. ಹಳೇ ಪಾಲಿಸಿಗಳಲ್ಲಿ ದಿನಕ್ಕೆ ಪಾಲಿಸಿ ಮೊತ್ತದ ಶೇ 1 ಅಂತ ಇರೋದು ಜಾಸ್ತಿ. ಹಾಗಿದ್ದರೆ ನಿಮಗೆ ಸಿಗೋದು 3 ಸಾವಿರ. ಮಿಕ್ಕ 3 ಸಾವಿರ ಕೈಯಿಂದ ಕೊಟ್ಟರಾಯ್ತು ಅಂದುಕೊಳ್ಳಬೇಡಿ. ದುಪ್ಪಟ್ಟು ಬಾಡಿಗೆಯ ರೂಮ್ ಹಿಡಿದರೆ ಸರ್ಜನ್ ಫೀಸು, ಅನಸ್ತೇಶಿಯಾ, ಓಟಿ (ಆಪರೇಷನ್ ಥಿಯೇಟರ್) ಚಾರ್ಜು, ನರ್ಸಿಂಗ್ ಎಲ್ಲವನ್ನೂ ಕಂಪನಿ ಅರ್ಧಕ್ಕೆ ಇಳಿಸಬಹುದು. ಅವೆಲ್ಲ ಸೇರಿ ಒಂದೂವರೆ ಲಕ್ಷ ಆದರೆ 75 ಸಾವಿರ ನಿಮ್ಮ ತಲೆಗೇ! ಔಷಧಿ, ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಮಂಡಿ), ಟೆಸ್ಟುಗಳಿಗೆ ಮಾತ್ರ ಈ ಕಡಿತ ಹಾಕುವಂತಿಲ್ಲ.

ಯಾಕೆ ಹೀಗೆ ಅಂದರೆ, ಬಹಳ ಕಡೆ ರೂಮ್ ದೊಡ್ಡದಾದ ಹಾಗೆ ಅದೇ ಡಾಕ್ಟರ್, ಅದೇ ಓಟಿ ರೇಟೂ ಏರುತ್ತದೆ. ಮಂಡಿ ಒಂದೇ, ಮಲಗೋ ರೂಮ್ ಬೇರೆ, ಅಷ್ಟೇ. ರೂಮಿಗೆ ತಕ್ಕಂತೆ ರೇಟು ಬದಲಿಸದ ಆಸ್ಪತ್ರೆಯಾದರೆ ಕಂಪನಿ ಹೀಗೆ ಕಡಿತ ಮಾಡುವಂತಿಲ್ಲ. ಅದನ್ನೂ ವಿಚಾರಿಸಿ. 5 ಸಾವಿರ ದಾಟಿದ ರೂಮಿಗೆ 2022ರ ಜುಲೈನಿಂದ ಶೇ 5 ಜಿಎಸ್‌ಟಿ ಬೇರೆ.

ಇಂಪ್ಲಾಂಟ್ ಬಗ್ಗೆ ಅಷ್ಟು ಹೆದರಬೇಡಿ. 2017ರಲ್ಲಿ ಕೇಂದ್ರ ಸರ್ಕಾರ ಅದರ ಬೆಲೆ ಕಟ್ಟಿಹಾಕಿತು. ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಮಂಡಿ ಒಂದೂವರೆ ಲಕ್ಷದ ಮೇಲಿದ್ದದ್ದು ಜಿಎಸ್‌ಟಿ ಬಿಟ್ಟು 54,720ಕ್ಕೆ ಇಳಿಯಿತು. ಆಮೇಲೆ ಅಷ್ಟಿಷ್ಟು ಬದಲಾಗಿದೆ. ಖಾಸಗಿ ಆಸ್ಪತ್ರೆಯ ಓಟಿಗೆ, ರೂಮಿಗೆ ಅಂಥ ಕಡಿವಾಣ ಇಲ್ಲವಲ್ಲ, ಬಿಲ್ ಉಬ್ಬೋದು ಅಲ್ಲೇ. ಗ್ಲೌಸು, ಗೌನು, ಮಾಸ್ಕು ಅಂತ ಸಣ್ಣಪುಟ್ಟದ್ದನ್ನೂ ಎಷ್ಟೋ ಪಾಲಿಸಿಗಳು ಕೊಡಲ್ಲ.

ನನ್ನ ಕೇಳಿದರೆ ಶೇರಿಂಗ್ ರೂಮೇ ಸಾಕು. ದೊಡ್ಡಪ್ಪನಿಗೆ ಪಕ್ಕದ ಬೆಡ್ಡಿನವರು ಮಾತಿಗೆ ಸಿಕ್ಕಿದರೆ ಖುಷಿಯೇ, ಅಲ್ವಾ? ಬಳೆಯ ದುಡ್ಡೆಲ್ಲ ರೂಮಿಗೇ ಸುರಿದರೆ, ಮನೆಗೆ ಬಂದ ಮೇಲೆ ವಾಕರ್, ಕಮೋಡ್ ಚೇರ್, ವಾರಗಟ್ಟಲೆ ಫಿಸಿಯೋಥೆರಪಿಗೆ ಎಲ್ಲಿಂದ ತರ್ತೀರಿ? ಬಡ್ಡಿ ಬೇರೆ ಓಡ್ತಾ ಇರುತ್ತೆ.

ನಾಳೆ ಇನ್ಶೂರೆನ್ಸ್ ಡೆಸ್ಕಿನಲ್ಲಿ ಶೇರಿಂಗಿಗೆ ಎಷ್ಟು, ಸಿಂಗಲ್ಲಿಗೆ ಎಷ್ಟು ಅಂತ ಎರಡೂ ಎಸ್ಟಿಮೇಟ್ ಬರೆಸಿಕೊಳ್ಳಿ. ಪಾಲಿಸಿಯ ರೂಮ್ ರೆಂಟ್ ಪುಟದ ಫೋಟೋ ಇಲ್ಲೇ ಹಾಕಿ, ರಾತ್ರಿ ಊಟ ಆದ ಮೇಲೆ ಫೋನ್ ಮಾಡ್ತೀನಿ.