ತುಮಕೂರಿನಲ್ಲಿ ಮರದ ಡೆಕ್ ಸರಿಮಾಡುವ ಬಡಗಿ ಬೇಕು

ನಮಸ್ಕಾರ. ಕ್ಯಾತ್ಸಂದ್ರದ ಹತ್ತಿರ ನಮ್ಮ ಮನೆ, ಹಿತ್ತಿಲ ಕಡೆ ತೇಗದ ಹಲಗೆಯ ಡೆಕ್ ಇದೆ. ಅಪ್ಪ ಸಂಜೆ ಕೂರುವುದೇ ಅಲ್ಲಿ. ಈಗ ವಾರ್ನಿಷ್ ಸಿಪ್ಪೆ ಏಳುತ್ತಿದೆ, ಕೆಲವು ಹಲಗೆಯ ತುದಿ ಮೆತ್ತಗಾಗಿದೆ, ಕೆಳಗಿನ ಚೌಕಟ್ಟಿಗೆ ಗೆದ್ದಲು ಹತ್ತಿದೆಯೇನೋ ಅಂತ ಅನುಮಾನ. ಬಂದು ನೋಡಿದ ಒಬ್ಬರು ಮೇಲೆ ಇನ್ನೊಂದು ಕೋಟ್ ಹೊಡೆದರೆ ಸಾಕು ಅಂದರು, ನನಗೆ ಒಪ್ಪಿಗೆಯಾಗಲಿಲ್ಲ, ಬಿಸಿಲು ಮಳೆಗೆ ಅದು ಮತ್ತೆ ಬಿರುಕು ಬಿಟ್ಟು ಒಳಗೆ ನೀರು ಇಳಿಯುತ್ತೆ ಅಲ್ವಾ? ಹಳೆಯದನ್ನು ಪೂರ್ತಿ ಉಜ್ಜಿ ತೆಗೆದು, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ, ನೀರು ಇಳಿಯಲು ಹಲಗೆಗಳ ನಡುವೆ ಸಂದು ಬಿಟ್ಟು, ಮರ ಚೆನ್ನಾಗಿ ಒಣಗಿದ ಮೇಲೆ ಎಣ್ಣೆ ಹಚ್ಚುವವರು ಬೇಕು. ಮಳೆಗಾಲಕ್ಕೆ ಮುಂಚೆ ಮುಗಿಯಬೇಕು. ದಿನಗೂಲಿ ಆದರೂ ಸರಿ, ಗುತ್ತಿಗೆ ಆದರೂ ಸರಿ. ನಿಮ್ಮ ಮನೆಯಲ್ಲೇ ಇಂಥ ಕೆಲಸ ಮಾಡಿದವರಿದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ನಂಬರ್ ಕಳಿಸಿ.